ಪವರ್ ಟಿಲ್ಲರಿನ ಬೆಲ್ಟು ಬದಲಾಯಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಪಟ್ಟಿಗಳಲ್ಲಿಯೂ ಘಟ್ಟದ ಕೆಳಗಿನ ಕುಮಟಾ, ಅಂಕೋಲಾ, ಕಾರವಾರದ ಗದ್ದೆಬಯಲುಗಳಲ್ಲಿಯೂ ಟಿಲ್ಲರು ವರ್ಷದ ಹತ್ತು ತಿಂಗಳು ಸುಮ್ಮನಿದ್ದು, ಉಳಿದ ಎರಡು ತಿಂಗಳು ಬಿಡುವಿಲ್ಲದೆ ದುಡಿಯುವ ಯಂತ್ರ. ಅದರ ಬೆಲ್ಟು ಕೈಕೊಡುವುದೂ ಆ ಎರಡು ತಿಂಗಳಲ್ಲೇ. ಹೂಟಿಯ ಹೊತ್ತಿನಲ್ಲಿ ಫೋನು ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವಾಗಿರುವುದರಿಂದ ಅವನ್ನೂ ಉತ್ತರಗಳನ್ನೂ ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ. ಡೀಸೆಲ್ ಎಂಜಿನ್ನಿನಿಂದ ಕ್ಲಚ್ಚಿನ ಪುಲ್ಲಿಗೆ ಎರಡು ಅಥವಾ ಮೂರು ವಿ-ಬೆಲ್ಟುಗಳ ಮೂಲಕ ಶಕ್ತಿ ಹೋಗುವ ಟಿಲ್ಲರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಮಾತುಗಳಿವು. ನಿಮ್ಮ ಯಂತ್ರದೊಡನೆ ಬಂದ ಪುಸ್ತಕದಲ್ಲಿ ಬೇರೆ ಅಳತೆ ಕೊಟ್ಟಿದ್ದರೆ ಪುಸ್ತಕದ ಅಳತೆಯೇ ಅಂತಿಮ.

ಎಂಜಿನ್ನು ಜೋರಾಗಿ ಓಡುತ್ತದೆ, ಟಿಲ್ಲರು ಮುಂದೆ ಹೋಗುವುದಿಲ್ಲ. ಹೋಗಿರುವುದು ಬೆಲ್ಟೋ, ಕ್ಲಚ್ಚೋ?

ಇದನ್ನು ಮೊದಲು ತೀರ್ಮಾನಿಸಿಕೊಳ್ಳದೆ ಪೇಟೆಗೆ ಹೋಗಬೇಡಿ. ಎರಡರ ಲಕ್ಷಣವೂ ಮೇಲುನೋಟಕ್ಕೆ ಒಂದೇ: ಕೆಸರಿನಲ್ಲಿ ಭಾರ ಬಿದ್ದಾಗ ಎಂಜಿನ್ನಿನ ಸದ್ದು ಕುಗ್ಗಬೇಕಾದದ್ದು ಕುಗ್ಗುವುದಿಲ್ಲ, ಚಕ್ರ ಮಾತ್ರ ನಿಲ್ಲುತ್ತದೆ. ಬೆಲ್ಟು ಜಾರುತ್ತಿದ್ದರೆ ಸಾಮಾನ್ಯವಾಗಿ ಭಾರ ಬಿದ್ದ ಕ್ಷಣದಲ್ಲಿ ಕೀರಲು ದನಿ ಬರುತ್ತದೆ, ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಬಡಿಯುತ್ತದೆ, ಬೆಲ್ಟಿನ ಮುಚ್ಚಳ ಬಿಚ್ಚಿದರೆ ಒಳಗೋಡೆಗೆ ಕಾಡಿಗೆಯಂತಹ ಕಪ್ಪು ಪುಡಿ ಹತ್ತಿರುತ್ತದೆ. ಎಂಜಿನ್ನು ನಿಲ್ಲಿಸಿದ ಮೇಲೆ ಎಂಜಿನ್ನಿನ ಕಡೆಯ ಪುಲ್ಲಿಯ ಹತ್ತಿರ ಅಂಗೈಯ ಹಿಂಬದಿಯನ್ನು ಒಯ್ದರೆ ಕಾವಲಿಯ ಹತ್ತಿರ ಒಯ್ದಂತೆ ಬಿಸಿ ತಟ್ಟುತ್ತದೆ. ಮುಟ್ಟಬೇಡಿ, ಹತ್ತಿರ ಒಯ್ದರೆ ಸಾಕು. ಪುಲ್ಲಿಗಳ ಗಾಡಿ, ಅಂದರೆ ಬೆಲ್ಟು ಕೂರುವ ತೋಡು, ತಣ್ಣಗಿದ್ದು, ಕಪ್ಪು ಪುಡಿಯೂ ಇಲ್ಲದೆ, ಕ್ಲಚ್ಚಿನ ಭಾಗ ಮಾತ್ರ ಕಾದಿದ್ದರೆ ಒಳಗಿನ ಪ್ಲೇಟುಗಳು ಸವೆದಿರಬೇಕು, ಇಲ್ಲವೇ ಕ್ಲಚ್ಚಿನ ತಂತಿಯ ಹೊಂದಾಣಿಕೆ ತಪ್ಪಿರಬೇಕು. ತಂತಿಯನ್ನು ಮೊದಲು ನೋಡಿ. ಕ್ಲಚ್ ಬಿಟ್ಟಾಗಲೂ ತಂತಿ ಬಿಗಿಯಾಗಿಯೇ ನಿಂತಿದ್ದರೆ ಪ್ಲೇಟುಗಳು ಪೂರ್ತಿ ಕೂಡಿಕೊಳ್ಳುವುದಿಲ್ಲ. ಒಂದು ನಟ್ಟನ್ನು ತಿರುಗಿಸಿ ಸರಿಪಡಿಸಬಹುದಾದ ಈ ದೋಷಕ್ಕೆ ಹೊಸ ಬೆಲ್ಟು ಹಾಕಿಸಿಕೊಂಡು, ಆಮೇಲೂ ಟಿಲ್ಲರು ಎಳೆಯುವುದಿಲ್ಲ ಎಂದು ಬಂದವರಿದ್ದಾರೆ.

ಬಿಗಿ ಮಾಡಿದರೆ ಸಾಕೇ, ಬದಲಾಯಿಸಲೇಬೇಕೇ?

ಬೆಲ್ಟನ್ನು ಹೊರಗೆ ತೆಗೆದು, ಒಳಬದಿ ಮೇಲೆ ಬರುವಂತೆ ಕೈಯಲ್ಲಿ ಬಗ್ಗಿಸಿ, ಬಿಸಿಲಿಗೆ ಹಿಡಿದು ನೋಡಬೇಕು. ಒಳಬದಿಯಲ್ಲಿ ಬೇಸಿಗೆಯ ಗದ್ದೆಯಂತೆ ಬಿರುಕು ಬಿಟ್ಟಿದ್ದರೆ, ಪಕ್ಕಗಳ ಬಟ್ಟೆಯ ಹೊದಿಕೆ ಸವೆದು ನೂಲು ಕಾಣುತ್ತಿದ್ದರೆ, ಪಕ್ಕಗಳು ಗಾಜಿನಂತೆ ಗಟ್ಟಿಯಾಗಿ ಹೊಳೆಯುತ್ತಿದ್ದರೆ, ಎಣ್ಣೆ ಕುಡಿದು ಉಬ್ಬಿ ಮೆತ್ತಗಾಗಿದ್ದರೆ ಅದರ ಕಾಲ ಮುಗಿಯಿತು. ಇವು ಯಾವುವೂ ಇಲ್ಲದೆ ಬೆಲ್ಟು ಸಡಿಲವಾಗಿದೆ ಅಷ್ಟೇ ಎಂದಾದರೆ ಬಿಗಿ ಮಾಡಿ ಮುಂದುವರಿಯಬಹುದು. ಬಿಗಿ ಮಾಡುವ ಅವಕಾಶವೆಲ್ಲ ಮುಗಿದು, ಎಂಜಿನ್ನು ಮುಂದಿನ ತುದಿಗೆ ಬಂದು ನಿಂತಿದ್ದರೂ ಬೆಲ್ಟು ಸಡಿಲವಿದ್ದರೆ ಅದು ಹಿಗ್ಗಿದೆ, ಇಲ್ಲವೇ ಪುಲ್ಲಿಯ ಗಾಡಿಯೊಳಗೆ ಇಳಿದಿದೆ. ಈ ಎರಡನೆಯ ಕಾರಣದ ಬಗ್ಗೆ ಮುಂದೆ ವಿವರವಾಗಿ ಬರೆದಿದ್ದೇನೆ, ಏಕೆಂದರೆ ನಮ್ಮ ಕಡೆ ಹೆಚ್ಚು ಬೆಲ್ಟುಗಳನ್ನು ತಿನ್ನುತ್ತಿರುವುದು ಅದೇ ಎಂದು ನನ್ನ ಅನುಭವ.

ಮೂರರಲ್ಲಿ ಒಂದೇ ಹರಿದಿದೆ. ಒಂದನ್ನೇ ತಂದು ಹಾಕಬಹುದಲ್ಲ?

ಹಾಕಬಾರದು. ಹಳೆಯ ಎರಡು ಬೆಲ್ಟುಗಳು ದುಡಿದು ಹಿಗ್ಗಿರುತ್ತವೆ. ಅವುಗಳ ನಡುವೆ ಹೊಸದು ಗಿಡ್ಡವಾಗಿ, ಬಿಗಿಯಾಗಿ ನಿಲ್ಲುತ್ತದೆ. ಆಗ ಮೂವರು ಹೊರಬೇಕಾದ ಹೊರೆಯನ್ನು ಹೊಸಬನೊಬ್ಬನೇ ಹೊತ್ತು, ಕೆಲವೇ ದಿನಗಳಲ್ಲಿ ಅವನೂ ಮಲಗುತ್ತಾನೆ. ಮೂರನ್ನೂ ಒಟ್ಟಿಗೆ, ಒಂದೇ ಕಂಪನಿಯದನ್ನು, ಸಾಧ್ಯವಾದರೆ ಒಂದೇ ಕಟ್ಟಿನಿಂದ ತೆಗೆದುಕೊಳ್ಳಬೇಕು. ಅಂಗಡಿಯಲ್ಲೇ ಮೂರನ್ನೂ ಒಂದು ಗೂಟಕ್ಕೆ ತೂಗುಹಾಕಿಸಿ ಕೆಳತುದಿ ಸಮನಾಗಿದೆಯೇ ನೋಡಿ. ಒಂದು ಬೆರಳಿನಷ್ಟು ಹೆಚ್ಚುಕಡಿಮೆ ಕಂಡರೆ ಆ ಬೆಲ್ಟನ್ನು ಹಿಂದಕ್ಕೆ ಕೊಟ್ಟು ಬೇರೆ ಕೇಳಿ. ಅಂಗಡಿಯವರು ಮುಖ ಸಿಂಡರಿಸಿದರೂ ಚಿಂತೆಯಿಲ್ಲ.

ಬೆಲ್ಟಿನ ಮೇಲಿನ ನಂಬರು ಅಳಿಸಿಹೋಗಿದೆ. ಅಂಗಡಿಯಲ್ಲಿ ಏನೆಂದು ಕೇಳಲಿ?

ಹಳೆಯ ಬೆಲ್ಟನ್ನೇ ಹಿಡಿದುಕೊಂಡು ಹೋಗುವುದು ಒಳ್ಳೆಯದು. ಆದರೂ ನಂಬರಿನ ಅರ್ಥ ತಿಳಿದಿದ್ದರೆ ಮೋಸಹೋಗುವುದು ತಪ್ಪುತ್ತದೆ. ಮೊದಲ ಅಕ್ಷರ ಬೆಲ್ಟಿನ ಅಗಲ ಮತ್ತು ದಪ್ಪವನ್ನು ಹೇಳುತ್ತದೆ. ‘ಎ’ ಎಂದರೆ ಮೇಲ್ಭಾಗದಲ್ಲಿ 13 ಮಿ.ಮೀ. ಅಗಲ, 8 ಮಿ.ಮೀ. ದಪ್ಪ, ‘ಬಿ’ ಎಂದರೆ 17 ಮಿ.ಮೀ. ಅಗಲ, 11 ಮಿ.ಮೀ. ದಪ್ಪ; ‘ಸಿ’ ಎಂದರೆ 22 ಮಿ.ಮೀ. ಅಗಲ, 14 ಮಿ.ಮೀ. ದಪ್ಪ. ಅಕ್ಷರದ ಮುಂದಿನ ಅಂಕಿ ಬೆಲ್ಟಿನ ಒಳಸುತ್ತಳತೆಯನ್ನು ಇಂಚಿನಲ್ಲಿ ಹೇಳುತ್ತದೆ. ಬಿ 65 ಎಂದಿದ್ದರೆ ಒಳಗಿನ ಸುತ್ತು 65 ಇಂಚು, ಅಂದರೆ 1651 ಮಿ.ಮೀ.

ಒಳಸುತ್ತನ್ನು ಅಳೆಯುವುದು ಕಷ್ಟ, ಹೊರಸುತ್ತು ಸುಲಭ. ಬೆಲ್ಟಿನ ಬೆನ್ನಿನ ಮೇಲೆ ಒಂದು ಹಿಗ್ಗದ ದಾರವನ್ನು ಸುತ್ತಿ, ಆ ದಾರವನ್ನು ಬಿಡಿಸಿ ಅಳೆಯಿರಿ. ‘ಬಿ’ ಬೆಲ್ಟಾದರೆ ಆ ಅಳತೆಯಲ್ಲಿ ಸುಮಾರು 69 ಮಿ.ಮೀ. ಕಳೆದರೆ ಒಳಸುತ್ತು ಬರುತ್ತದೆ. ದಾರ 1720 ಮಿ.ಮೀ. ಬಂದರೆ ಅದು 65ರ ಬೆಲ್ಟು. ಹಳೆಯ ಬೆಲ್ಟು ಸ್ವಲ್ಪ ಹಿಗ್ಗಿರುವುದರಿಂದ ಲೆಕ್ಕ ಎರಡು ನಂಬರುಗಳ ನಡುವೆ ಬಂದು ನಿಂತರೆ ಚಿಕ್ಕ ನಂಬರನ್ನೇ ಆರಿಸಿಕೊಳ್ಳಿ. ನಂಬರು ತಿಳಿದ ಕೂಡಲೇ ಬಣ್ಣದಲ್ಲಿ ಮುಚ್ಚಳದ ಒಳಮೈಗೆ ಬರೆದಿಡಿ. ಮುಂದಿನ ಸಲ ನಿಮ್ಮ ಬದಲು ಮಗನೋ ಕೆಲಸದವನೋ ಪೇಟೆಗೆ ಹೋಗಬೇಕಾಗಬಹುದು.

ಒಳಬದಿಯಲ್ಲಿ ಹಲ್ಲು ಇರುವ ಬೆಲ್ಟು ಒಳ್ಳೆಯದೆನ್ನುತ್ತಾರೆ, ನಿಜವೇ?

ಚಿಕ್ಕ ಪುಲ್ಲಿಯ ಮೇಲೆ ಅದು ಸುಲಭವಾಗಿ ಬಾಗುತ್ತದೆ, ಬಿಸಿ ಕಡಿಮೆ. ಆದರೆ ಹಲ್ಲಿನದನ್ನೂ ಸಾದಾ ಬೆಲ್ಟನ್ನೂ ಒಂದೇ ಪುಲ್ಲಿಯಲ್ಲಿ ಬೆರೆಸಬಾರದು. ಪುಲ್ಲಿ ಸರಿಯಿಲ್ಲದಿದ್ದರೆ ಯಾವ ಬೆಲ್ಟೂ ಉಳಿಯುವುದಿಲ್ಲ ಎಂಬುದನ್ನು ನೆನಪಿಟ್ಟುಕೊಂಡು ದುಬಾರಿಯದಕ್ಕೆ ಕೈಹಾಕಿ.

ಕೆಲಸಕ್ಕೆ ಮೊದಲು ಏನೇನು ಎಚ್ಚರಿಕೆ ಬೇಕು?

ಡೀಸೆಲ್ ಎಂಜಿನ್ನಿಗೆ ಪ್ಲಗ್ಗಿನ ತಂತಿ ಕಿತ್ತಿಡುವ ಅನುಕೂಲವಿಲ್ಲ. ಡೀಸೆಲ್ಲೂ ಒತ್ತಡವೂ ಇದ್ದರೆ, ಬೆಲ್ಟು ಹಾಕುವಾಗ ಕೈಯಿಂದ ಪುಲ್ಲಿ ತಿರುಗಿಸಿದ್ದಷ್ಟಕ್ಕೇ ಎಂಜಿನ್ನು ಒಂದು ಹೊಡೆತ ಹೊಡೆಯಬಹುದು. ಆದ್ದರಿಂದ ವೇಗದ ಹಿಡಿಯನ್ನು ನಿಲ್ಲಿಸುವ ತುದಿಗೆ ತಂದು, ಟ್ಯಾಂಕಿನ ಕೆಳಗಿನ ಡೀಸೆಲ್ ಕಾಕು ಮುಚ್ಚಿ, ಗೇರನ್ನು ನ್ಯೂಟ್ರಲ್ಲಿಗೆ ಹಾಕಿ, ಎಂಜಿನ್ನು ಪೂರ್ತಿ ತಣ್ಣಗಾದ ಮೇಲೆಯೇ ಕೈಹಾಕಬೇಕು. ಸ್ವಯಂ ಸ್ಟಾರ್ಟ್ ಇರುವ ಮಾದರಿಯಾದರೆ ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಿಡಿ. ಟಿಲ್ಲರನ್ನು ಸಮತಟ್ಟಾದ ಅಂಗಳದಲ್ಲಿ ಮುಂದಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎರಡೂ ಚಕ್ರಗಳ ಹಿಂದೆ ಮುಂದೆ ಕಲ್ಲು ಕೊಡಿ. ತೋಟದ ಇಳಿಜಾರಿನಲ್ಲಿ, ಅಡಿಕೆ ಮರಕ್ಕೆ ಆನಿಸಿಕೊಂಡು ಈ ಕೆಲಸ ಮಾಡಬಾರದು.

ಹೆಗಲ ಮೇಲಿನ ವಲ್ಲಿ, ಸಡಿಲ ಪಂಚೆ, ಸೀರೆಯ ಸೆರಗು, ಕೈಯ ಉಂಗುರ ಇವೆಲ್ಲ ದೂರವಿರಲಿ. ಬೆಲ್ಟು ಮತ್ತು ಪುಲ್ಲಿ ಕೂಡುವ ಸಂದಿಯಲ್ಲಿ ಬೆರಳು ಸಿಕ್ಕಿಕೊಳ್ಳಲು ಎಂಜಿನ್ನು ಓಡುತ್ತಿರಲೇಬೇಕೆಂದಿಲ್ಲ, ಇನ್ನೊಬ್ಬರು ಸಹಾಯ ಮಾಡಲು ಹೋಗಿ ಪುಲ್ಲಿಯನ್ನು ತುಸು ತಿರುಗಿಸಿದರೂ ಸಾಕು. ಇಬ್ಬರು ಕೆಲಸ ಮಾಡುವಾಗ ಪುಲ್ಲಿ ತಿರುಗಿಸುವ ಅಧಿಕಾರ ಒಬ್ಬರಿಗೇ ಇರಲಿ, ಅವರು ತಿರುಗಿಸುವ ಮೊದಲು ಬಾಯಿಬಿಟ್ಟು ಹೇಳಲಿ. ನನ್ನ ಎಡಗೈಯ ತೋರುಬೆರಳಿನ ಉಗುರು ಇಂದಿಗೂ ಸ್ವಲ್ಪ ಸೊಟ್ಟಗೆ ಬೆಳೆಯುವುದು ಈ ನಿಯಮವನ್ನು ತಡವಾಗಿ ಕಲಿತದ್ದರಿಂದ.

ಬಿಚ್ಚುವ ಮತ್ತು ಹಾಕುವ ಕ್ರಮ ಯಾವುದು?

ಬೇಕಾದ ಸಾಮಾನು ಹೆಚ್ಚಿಲ್ಲ: ನಿಮ್ಮ ಯಂತ್ರದ ಬೋಲ್ಟುಗಳಿಗೆ ಹೊಂದುವ ಪಾನಾಗಳು, ತಂತಿಯ ಬ್ರಷ್ಷು, ಒಣ ಬಟ್ಟೆ, ಒಂದು ಉದ್ದ ದಾರ, ಬಿಚ್ಚಿದ ನಟ್ಟು ಬೋಲ್ಟು ಹಾಕಿಡಲು ಒಂದು ಗೆರಟೆ ಅಥವಾ ಡಬ್ಬಿ. ಕೆಲಸ ಶುರುಮಾಡುವ ಮೊದಲು, ಮುಚ್ಚಳ ತೆಗೆದ ಕೂಡಲೇ, ಬೆಲ್ಟು ಯಾವ ಯಾವ ಪುಲ್ಲಿಯ ಮೇಲೆ, ಬೆಲ್ಟು ಕಳಚದಂತೆ ತಡೆಯುವ ಯಾವ ತಡೆಗೂಟದ ಒಳಗೆ ಹಾದುಹೋಗಿದೆ ಎಂಬುದನ್ನು ಮೊಬೈಲಿನಲ್ಲಿ ಎರಡು ಕಡೆಯಿಂದ ಫೋಟೋ ತೆಗೆದುಕೊಳ್ಳಿ.

ಬೆಲ್ಟನ್ನು ಸಡಿಲಿಸುವ ವಿಧಾನ ಮಾದರಿಯಿಂದ ಮಾದರಿಗೆ ಬೇರೆ. ಕೆಲವು ಟಿಲ್ಲರುಗಳಲ್ಲಿ ಬೆಲ್ಟನ್ನು ಒತ್ತಿ ಹಿಡಿಯುವ ಬೇರೆಯೇ ಒಂದು ಸಣ್ಣ ಪುಲ್ಲಿ ಇರುತ್ತದೆ. ಅದರ ನಟ್ಟನ್ನು ಸಡಿಲಿಸಿ ಹಿಂದಕ್ಕೆ ಸರಿಸಿದರೆ ಆಯಿತು. ಇನ್ನು ಕೆಲವುಗಳಲ್ಲಿ ಎಂಜಿನ್ನೇ ಸರಿಯಬೇಕು. ಅಂತಹವುಗಳಲ್ಲಿ ಎಂಜಿನ್ನನ್ನು ಚೌಕಟ್ಟಿಗೆ ಹಿಡಿದಿರುವ ಬೋಲ್ಟುಗಳನ್ನು ಪೂರ್ತಿ ತೆಗೆಯದೆ ಎರಡು ಮೂರು ಸುತ್ತು ಮಾತ್ರ ಸಡಿಲಿಸಿ, ಬಿಗಿ ಮಾಡುವ ಉದ್ದನೆಯ ಬೋಲ್ಟನ್ನು ಹಿಂದಕ್ಕೆ ತಿರುಗಿಸಿ, ಎಂಜಿನ್ನನ್ನು ಕ್ಲಚ್ಚಿನ ಕಡೆಗೆ ತಳ್ಳಬೇಕು. ವರ್ಷಗಟ್ಟಲೆ ಬಿಚ್ಚದ ಬೋಲ್ಟುಗಳು ತುಕ್ಕು ಹಿಡಿದು ಕೂತಿರುತ್ತವೆ. ಹಿಂದಿನ ರಾತ್ರಿಯೇ ಅವುಗಳ ಬುಡಕ್ಕೆ ತೆಳುವಾದ ತುಕ್ಕುಬಿಡಿಸುವ ಎಣ್ಣೆ ಬಿಟ್ಟಿದ್ದರೆ ಬೆಳಿಗ್ಗೆ ಸುತ್ತಿಗೆ ಹಿಡಿಯುವ ಪ್ರಸಂಗ ಬರುವುದಿಲ್ಲ.

ಸಡಿಲವಾದ ಬೆಲ್ಟುಗಳಲ್ಲಿ ಎಲ್ಲಕ್ಕಿಂತ ಹೊರಗಿನದನ್ನು ಮೊದಲು, ಎಂಜಿನ್ನಿಗೆ ಹತ್ತಿರದ್ದನ್ನು ಕೊನೆಗೆ ತೆಗೆಯಬೇಕು. ಹಾಕುವಾಗ ಕ್ರಮ ತಿರುವುಮುರುವು. ತೆಗೆದ ಮೇಲೆ ಖಾಲಿ ಪುಲ್ಲಿಗಳನ್ನು ಕೈಯಿಂದ ಮೆಲ್ಲಗೆ ಆಡಿಸಿ ನೋಡುವುದನ್ನು ಮರೆಯಬೇಡಿ. ಒತ್ತುವ ಪುಲ್ಲಿಯ ಬೇರಿಂಗು ಗರಗರ ಎನ್ನುತ್ತಿದ್ದರೆ, ಕ್ಲಚ್ ಪುಲ್ಲಿ ಅತ್ತಿತ್ತ ಅಲುಗುತ್ತಿದ್ದರೆ ಅದನ್ನು ಈಗಲೇ ಸರಿಪಡಿಸಬೇಕು. ಬೆಲ್ಟಿಲ್ಲದ ಈ ಗಳಿಗೆ ಮತ್ತೆ ಸಿಗುವುದು ಮುಂದಿನ ಬೆಲ್ಟು ಹರಿದಾಗ. ಗಾಡಿಗಳಲ್ಲಿ ಸೇರಿದ ಒಣಕೆಸರು, ಬೆಟ್ಟದಿಂದ ದರಕು ತಂದ ದಿನದ ಎಲೆಚೂರು, ಅಡಿಕೆಸಿಪ್ಪೆಯ ನಾರು ಎಲ್ಲವನ್ನೂ ಬ್ರಷ್ಷಿನಿಂದ ತೆಗೆದು ಒಣಬಟ್ಟೆಯಲ್ಲಿ ಒರೆಸಿ. ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಬೇಗ ಹೊಳಪು ಬರುತ್ತದೆ ನಿಜ, ಆದರೆ ಅದರ ಜಿಡ್ಡು ಹೊಸ ಬೆಲ್ಟಿಗೆ ಹತ್ತಿ ಮೊದಲ ದಿನದಿಂದಲೇ ಜಾರಲು ಕಲಿಸುತ್ತದೆ.

ಹೊಸ ಬೆಲ್ಟು ಕೈಯಿಂದಲೇ, ಬಲಪ್ರಯೋಗವಿಲ್ಲದೆ ಪುಲ್ಲಿಯ ಮೇಲೆ ಕೂರಬೇಕು. ಎಂಜಿನ್ನನ್ನು ಇನ್ನೂ ನಾಲ್ಕು ಬೆರಳು ಹಿಂದೆ ತಳ್ಳುವ ಸೋಮಾರಿತನಕ್ಕೆ ಸ್ಕ್ರೂಡ್ರೈವರನ್ನು ಸಂದಿಗೆ ತೂರಿಸಿ, ಪುಲ್ಲಿಯ ಅಂಚಿನ ಮೇಲಿಂದ ಬೆಲ್ಟನ್ನು ಮೀಟಿ ಹಾಕುವ ಪದ್ಧತಿ ಎಲ್ಲೆಡೆ ಇದೆ. ಬೆಲ್ಟಿನ ಬೆನ್ನಿನೊಳಗೆ ಭಾರ ಎಳೆಯುವ ನೂಲಿನ ಎಳೆಗಳಿರುತ್ತವೆ. ಮೀಟಿದಾಗ ಅವುಗಳಲ್ಲಿ ಒಂದೆರಡು ಒಳಗೇ ತುಂಡಾಗುತ್ತವೆ, ಹೊರಗೆ ಗೀರೂ ಕಾಣುವುದಿಲ್ಲ. ವಾರದ ನಂತರ ಗದ್ದೆಯ ನಡುವೆ ಆ ಬೆಲ್ಟು ಗಾಡಿಯೊಳಗೆ ಮಗುಚಿ, ಬೆನ್ನು ಕೆಳಗಾಗಿ ಓಡತೊಡಗಿದಾಗ ಎಲ್ಲರೂ ಬೆಲ್ಟಿನ ಕಂಪನಿಯನ್ನು ಬೈಯುತ್ತಾರೆ.

ಎಷ್ಟು ಬಿಗಿ ಇರಬೇಕು?

ಎರಡು ಪುಲ್ಲಿಗಳ ನಡುವಿನ ಉದ್ದದ ಮಧ್ಯದಲ್ಲಿ ಹೆಬ್ಬೆರಳಿನಿಂದ ಸಾಧಾರಣ ಬಲದಲ್ಲಿ ಒತ್ತಿದರೆ ಬೆಲ್ಟು ಒಂದರಿಂದ ಒಂದೂವರೆ ಸೆಂಟಿಮೀಟರ್ ಕೆಳಗೆ ಹೋಗಬೇಕು, ಕೈ ತೆಗೆದ ಕೂಡಲೇ ಪುಟಿದು ಮೇಲೆ ಬರಬೇಕು. ಮೂರೂ ಬೆಲ್ಟುಗಳನ್ನು ಬೇರೆಬೇರೆಯಾಗಿ ಒತ್ತಿ ನೋಡಿ. ಹೆಚ್ಚು ಬಿಗಿಯಾದರೆ ಬೆಲ್ಟಿಗಿಂತ ಮೊದಲು ಬೇರಿಂಗು ಹೋಗುತ್ತದೆ, ಅದರ ಖರ್ಚು ದೊಡ್ಡದು. ಕಡಿಮೆಯಾದರೆ ಜಾರಿ ಬಿಸಿಯಾಗುತ್ತದೆ. ಬೆಲ್ಟಿನ ಒಳಗಿನ ಬಿಸಿ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿದಂತೆ ಅದರ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಬೆಲ್ಟು ತಯಾರಿಸುವವರ ಲೆಕ್ಕ.

ಇದಕ್ಕಿಂತ ಮುಖ್ಯವಾದದ್ದು ಎರಡನೆಯ ಸಲ ಬಿಗಿ ಮಾಡುವುದು. ಹೊಸ ಬೆಲ್ಟು ಮೊದಲ ಕೆಲವು ಗಂಟೆಗಳಲ್ಲಿ ಗಾಡಿಗೆ ಹೊಂದಿಕೊಂಡು ಕೂರುತ್ತದೆ, ತುಸು ಹಿಗ್ಗುತ್ತದೆ. ಹಾಕಿದ ಮೇಲೆ ಭಾರವಿಲ್ಲದೆ ಕಾಲು ಗಂಟೆ ಓಡಿಸಿ ಒಮ್ಮೆ ನೋಡಬೇಕು, ಮೊದಲ ದಿನದ ಹೂಟಿ ಮುಗಿದ ಸಂಜೆ ಮತ್ತೊಮ್ಮೆ ನೋಡಿ ಬಿಗಿ ಮಾಡಬೇಕು. ಹಾಕಿದ ದಿನ ಸರಿಯಿತ್ತು, ನಾಲ್ಕನೆಯ ದಿನ ಸುಟ್ಟಿತು ಎಂಬ ದೂರುಗಳಲ್ಲಿ ಬಹುಪಾಲು ಈ ಸಂಜೆಯ ಹತ್ತು ನಿಮಿಷವನ್ನು ಉಳಿಸಿದವರದು.

ಒಂದೇ ಮಳೆಗಾಲದಲ್ಲಿ ಎರಡು ಸಲ ಬೆಲ್ಟು ಹಾಕಿದ್ದಾಯಿತು. ಬೆಲ್ಟುಗಳ ಗುಣಮಟ್ಟವೇ ಕೆಟ್ಟಿದೆಯೇ?

ಕೆಟ್ಟ ಬೆಲ್ಟೂ ಪೇಟೆಯಲ್ಲಿದೆ, ಅಲ್ಲವೆನ್ನುವುದಿಲ್ಲ. ಆದರೆ ಪುಲ್ಲಿಯನ್ನು ನೋಡದೆ ಬೆಲ್ಟನ್ನು ದೂರುವುದು ನ್ಯಾಯವಲ್ಲ.

ವಿ-ಬೆಲ್ಟು ಪುಲ್ಲಿಯನ್ನು ಹಿಡಿಯುವುದು ತನ್ನ ಎರಡು ಪಕ್ಕಗಳಿಂದ, ತಳದಿಂದಲ್ಲ. ಸೌದೆ ಸೀಳುವಾಗ ಬೆಣೆ ಹೇಗೆ ಸಿಕ್ಕಿಕೊಳ್ಳುತ್ತದೋ ಹಾಗೆಯೇ ಅದು ಓರೆಯಾದ ಎರಡು ಗೋಡೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಗಾಡಿಯ ಕೋನ ಸಾಮಾನ್ಯವಾಗಿ 34ರಿಂದ 38 ಡಿಗ್ರಿ. ಈ ಬೆಣೆಯ ಗುಣದಿಂದಾಗಿ ಅಷ್ಟೇ ಬಿಗಿಯ ಸಪಾಟು ಬೆಲ್ಟಿಗಿಂತ ಅದರ ಹಿಡಿತ ಸುಮಾರು ಮೂರು ಪಟ್ಟು ಹೆಚ್ಚು. ಅಮೆರಿಕದ ಜಾನ್ ಗೇಟ್ಸ್ 1917ರಲ್ಲಿ ರಬ್ಬರು ಮತ್ತು ನೂಲಿನ ಈ ಬೆಲ್ಟನ್ನು ರೂಪಿಸಿದ್ದು ಮೋಟಾರು ಕಾರುಗಳಿಗಾಗಿ. ಅದರ ಜಾಣ್ಮೆಯೆಲ್ಲ ಅಡಗಿರುವುದು ಆ ಓರೆ ಗೋಡೆಗಳಲ್ಲಿ. ಗೋಡೆಗಳು ಸವೆದು ಒಳಕ್ಕೆ ತಗ್ಗಾದರೆ ಬೆಲ್ಟು ಕೆಳಗೆ ಇಳಿಯುತ್ತ ಇಳಿಯುತ್ತ ಕೊನೆಗೆ ತಳಕ್ಕೆ ತಾಗಿ ಕೂರುತ್ತದೆ. ಅಲ್ಲಿಗೆ ಬೆಣೆಯ ಗುಣ ಮುಗಿಯಿತು, ಎಷ್ಟು ಬಿಗಿ ಮಾಡಿದರೂ ಜಾರುತ್ತದೆ.

ಶಿರಸಿಯ ಹತ್ತಿರದ ಒಂದು ಕಣಿವೆಯ ಮನೆಯಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ಅಂಗಳದಲ್ಲಿ ಕಂಬಳಿಕೊಪ್ಪೆಯಷ್ಟು ದೊಡ್ಡ ಪ್ಲಾಸ್ಟಿಕ್ಕಿನ ಕೆಳಗೆ ಟಿಲ್ಲರು, ಪಕ್ಕದ ಗೋಡೆಯ ಮೊಳೆಗೆ ಆ ವರ್ಷದ ಆರು ಬೆಲ್ಟುಗಳು. ಮನೆಯ ಯಜಮಾನರು ‘ನೀವೇ ನೋಡಿ ಭಟ್ಟರೇ, ಈಗಿನ ಬೆಲ್ಟು ಬೆಲ್ಟೇ ಅಲ್ಲ’ ಎಂದು ಒಂದನ್ನು ತೆಗೆದು ಕೈಗೆ ಕೊಟ್ಟರು. ಅದರ ತಳ ಕಪ್ಪಾಗಿ ನುಣ್ಣಗೆ ಹೊಳೆಯುತ್ತಿತ್ತು; ಪಕ್ಕಗಳಿಗಿಂತ ತಳವೇ ಹೆಚ್ಚು ಸವೆದಿತ್ತು. ಪುಲ್ಲಿಯ ಗಾಡಿಗೆ ಟಾರ್ಚು ಬಿಟ್ಟರೆ, ಗೋಡೆಗಳು ಮಂಕಾಗಿ, ತಳ ಮಾತ್ರ ಹುಣಸೆಹಣ್ಣಿನಿಂದ ಬೆಳಗಿದ ತಾಮ್ರದ ಚೊಂಬಿನ ತಳದಂತೆ ಥಳಥಳಿಸುತ್ತಿತ್ತು. ಗಾಡಿಯ ತಳ ಎಂದೂ ಹೊಳೆಯಬಾರದು. ಬೆಲ್ಟು ಅಲ್ಲಿಗೆ ತಾಗುತ್ತಿದೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಪುಲ್ಲಿ ಬದಲಾಯಿಸಿದ ಮೇಲೆ ಗೋಡೆಯ ಮೊಳೆಗೆ ಹೊಸ ಬೆಲ್ಟು ಸೇರುವುದು ನಿಂತಿತು.

ನೀವೂ ಪರೀಕ್ಷಿಸಬಹುದು. ಹೊಸ ಬೆಲ್ಟಿನ ಒಂದು ಭಾಗವನ್ನು ಗಾಡಿಯಲ್ಲಿ ಕೂರಿಸಿ. ಬೆಲ್ಟಿನ ಬೆನ್ನು ಪುಲ್ಲಿಯ ಅಂಚಿನೊಡನೆ ಸಮನಾಗಿ ಅಥವಾ ಕೂದಲೆಳೆಯಷ್ಟು ಮೇಲೆ ಇರಬೇಕು. ಎರಡು ಮೂರು ಮಿಲಿಮೀಟರ್ ಒಳಗೆ ಹೋದರೆ ಗಾಡಿ ಸವೆದಿದೆ. ಮೂರು ಗಾಡಿಗಳಲ್ಲಿ ಬೆಲ್ಟು ಮೂರು ಎತ್ತರದಲ್ಲಿ ಕೂರುತ್ತಿದ್ದರೆ ಅದೂ ಸವೆತವೇ, ಮತ್ತು ಹೊರೆ ಸಮನಾಗಿ ಹಂಚದಿರಲು ಅದೇ ಕಾರಣ. ಸವೆದ ಪುಲ್ಲಿಯನ್ನು ಲೇತಿನಲ್ಲಿ ಕೊರೆಸಿ ಸರಿಮಾಡಿಸುವವರಿದ್ದಾರೆ. ಕೋನವನ್ನು ಸರಿಯಾಗಿ ಹಿಡಿಯುವ ಕೈ ಸಿಕ್ಕರೆ ಸರಿ, ಇಲ್ಲದಿದ್ದರೆ ಹೊಸ ಪುಲ್ಲಿಯೇ ಅಗ್ಗ.

ಪುಲ್ಲಿಗಳು ಒಂದೇ ಸಾಲಿನಲ್ಲಿವೆಯೇ ಎಂದು ಮನೆಯಲ್ಲೇ ನೋಡುವುದು ಹೇಗೆ?

ಎಂಜಿನ್ನನ್ನು ಮುಂದಕ್ಕೆ ಎಳೆಯುವಾಗ ಒಂದು ಬದಿ ಹೆಚ್ಚು, ಒಂದು ಬದಿ ಕಡಿಮೆ ಸರಿದರೆ ಪುಲ್ಲಿ ಓರೆಯಾಗುತ್ತದೆ. ಒಂದು ದಾರವನ್ನು ಎರಡೂ ಪುಲ್ಲಿಗಳ ಹೊರಮೈಗೆ ಅಡ್ಡಲಾಗಿ ಬಿಗಿಯಾಗಿ ಹಿಡಿಯಿರಿ. ಪುಲ್ಲಿಗಳ ಅಂಚು ಒಂದೇ ದಪ್ಪದ್ದಾಗಿದ್ದರೆ, ಎರಡೂ ಪುಲ್ಲಿಗಳ ಎರಡೆರಡು ಅಂಚುಗಳು, ಒಟ್ಟು ನಾಲ್ಕು ಕಡೆ ದಾರಕ್ಕೆ ತಾಗಬೇಕು. ಯಾವುದೇ ಒಂದು ಕಡೆ ಬೆಳಕು ಕಂಡರೆ ಎಂಜಿನ್ನನ್ನು ಆ ಪ್ರಕಾರ ತಿರುಗಿಸಿ, ಬೋಲ್ಟುಗಳನ್ನು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವಾಗಿ ಬಿಗಿ ಮಾಡಿ. ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ದಾರ ಹಿಡಿಯಲೇಬೇಕು, ಕೊನೆಯ ಬೋಲ್ಟಿನ ಸೆಳೆತಕ್ಕೆ ಎಂಜಿನ್ನು ಸರಿಯುವುದುಂಟು. ಬೆಲ್ಟಿನ ಒಂದೇ ಪಕ್ಕ ಸವೆದಿದ್ದರೆ ಸಾಲು ತಪ್ಪಿದೆ ಎಂದೇ ತಿಳಿಯಿರಿ.

ರಾಳದ ಪುಡಿ ಉದುರಿಸಿದರೆ ಜಾರುವುದು ನಿಲ್ಲುತ್ತದೆಯೇ?

ಒಂದು ದಿನಕ್ಕೆ ನಿಲ್ಲುತ್ತದೆ. ಆಮೇಲೆ ಆ ರಾಳಕ್ಕೆ ಧೂಳು ಕಚ್ಚಿ, ಗಾಡಿಯ ಗೋಡೆಗೆ ಗಟ್ಟಿ ಹೆಪ್ಪು ಹಿಡಿದು ಬೆಲ್ಟನ್ನು ಕೆರೆಯುತ್ತದೆ. ಡಬ್ಬಿಯಲ್ಲಿ ಬರುವ ಬೆಲ್ಟಿನ ಅಂಟಿಗೂ ಇದೇ ಮಾತು. ವಿ-ಬೆಲ್ಟಿಗೆ ಯಾವ ಲೇಪವೂ ಬೇಕಿಲ್ಲ.

ನಾವು ಕಡಲ ಹತ್ತಿರದವರು. ಘಟ್ಟದ ಮೇಲಿನವರಿಗಿಂತ ನಮಗೆ ಬೇರೆ ಎಚ್ಚರಿಕೆ ಬೇಕೇ?

ಬೇಕು. ಕಾರವಾರ, ಅಂಕೋಲಾ, ಗೋಕರ್ಣದ ಸುತ್ತಿನಲ್ಲಿ ಗಾಳಿಯಲ್ಲೇ ಉಪ್ಪಿದೆ; ಅಘನಾಶಿನಿಯ ಅಳಿವೆಯ ಗಜನಿ ಗದ್ದೆಗಳ ಪಕ್ಕದಲ್ಲಿ ದುಡಿದ ಯಂತ್ರಕ್ಕಂತೂ ಉಪ್ಪುನೀರಿನ ಕೆಸರೇ ಮೆತ್ತಿರುತ್ತದೆ. ಎರಕದ ಕಬ್ಬಿಣದ ಪುಲ್ಲಿ ಹದಿನೈದು ದಿನ ಸುಮ್ಮನೆ ನಿಂತರೆ ಗಾಡಿಯ ಗೋಡೆಗೆ ಕೆಂಪು ತುಕ್ಕು ಏಳುತ್ತದೆ. ಆ ತುಕ್ಕಿನ ಮೇಲೆ ಹೊಸ ಬೆಲ್ಟನ್ನು ಓಡಿಸುವುದೆಂದರೆ ಮರಳುಕಾಗದದ ಮೇಲೆ ಓಡಿಸಿದಂತೆ. ದಿನದ ಕೆಲಸ ಮುಗಿದ ಮೇಲೆ ಎಂಜಿನ್ನು ಆರಿದ ಬಳಿಕ ಸಿಹಿನೀರಿನಲ್ಲಿ ತೊಳೆದು, ಮುಚ್ಚಳದ ಕೆಳಗಿನಿಂದ ನೀರು ಇಳಿದುಹೋಗಲು ಬಿಟ್ಟು, ಭಾರವಿಲ್ಲದೆ ಐದು ನಿಮಿಷ ಓಡಿಸಿದರೆ ಗಾಡಿ ಒಣಗುತ್ತದೆ. ತುಕ್ಕು ಬಾರದಿರಲೆಂದು ಗಾಡಿಗೆ ಗ್ರೀಸು ಬಳಿಯುವ, ಬಣ್ಣ ಹೊಡೆಯುವ ಉಪಾಯ ಬೇಡ. ತುಕ್ಕು ಬಂದಿದ್ದರೆ ಬೆಲ್ಟು ತೆಗೆದು ನಯವಾದ ಎಮರಿ ಕಾಗದದಿಂದ ಉಜ್ಜಿ ತೆಗೆಯಿರಿ. ಉಜ್ಜಿದ ಮೇಲೂ ಗೋಡೆಯಲ್ಲಿ ಗುಳಿಗಳು ಬೆರಳಿಗೆ ತಾಗಿದರೆ ಪುಲ್ಲಿಯ ಕಾಲವೂ ಮುಗಿದಂತೆ.

ನೆಟ್ಟಿ ಮುಗಿದ ಮೇಲೆ ತಿಂಗಳುಗಟ್ಟಲೆ ನಿಲ್ಲಿಸುವಾಗ ಬೆಲ್ಟನ್ನು ಏನು ಮಾಡಬೇಕು?

ಸಡಿಲಿಸಿ ಬಿಡಬೇಕು. ಬಿಗಿಯಾಗಿಯೇ ಬಿಟ್ಟರೆ ಪುಲ್ಲಿಯ ಮೇಲೆ ಬಾಗಿದ ಜಾಗದಲ್ಲಿ ಬೆಲ್ಟಿಗೆ ಅದೇ ಆಕಾರ ಕಚ್ಚಿಕೊಂಡು, ಮುಂದಿನ ವರ್ಷ ಓಡಿಸುವಾಗ ದಡದಡ ಕುಣಿಯುತ್ತದೆ. ತೆಗೆದಿಡುವುದಾದರೆ ಬಿಸಿಲು ಬೀಳದ, ಡೀಸೆಲ್ ಡಬ್ಬಿಯಿಂದ ದೂರದ ಜಾಗದಲ್ಲಿ ದಪ್ಪನೆಯ ಗೂಟಕ್ಕೆ ತೂಗುಹಾಕಿ, ಸಣ್ಣ ಮೊಳೆಗೆ ಬೇಡ. ಕೊಟ್ಟಿಗೆಯ ಮೂಲೆಯಲ್ಲಿ ನಿಲ್ಲಿಸಿದ ಟಿಲ್ಲರಿನ ಬೆಲ್ಟುಮುಚ್ಚಳದೊಳಗೆ ಇಲಿ ಗೂಡು ಕಟ್ಟುವುದು ನಮ್ಮ ಕಡೆ ಸಾಮಾನ್ಯ. ಜೂನಿನ ಮೊದಲ ಮಳೆಗೆ ಹ್ಯಾಂಡಲ್ ಹೊಡೆಯುವ ಮುನ್ನ ಒಮ್ಮೆ ಮುಚ್ಚಳ ತೆರೆದು ನೋಡಿದರೆ, ಹುಲ್ಲು, ಗೋಣಿಯ ಚೂರು, ಅರ್ಧ ಕಡಿದ ಬೆಲ್ಟು ಇವುಗಳ ದರ್ಶನ ಗದ್ದೆಯ ಬದಲು ಅಂಗಳದಲ್ಲೇ ಆಗುತ್ತದೆ.

ಗದ್ದೆಯ ನಡುವೆ ಒಂದು ಬೆಲ್ಟು ತುಂಡಾದರೆ?

ಎಂಜಿನ್ನು ನಿಲ್ಲಿಸಿ, ತುಂಡಾದದ್ದನ್ನು ಪೂರ್ತಿಯಾಗಿ ಹೊರಗೆ ತೆಗೆಯಿರಿ. ಅದರ ಬಾಲ ಉಳಿದ ಬೆಲ್ಟುಗಳಿಗೆ ಸುತ್ತಿಕೊಂಡರೆ ಅವೂ ಹೋಗುತ್ತವೆ. ಮಣ್ಣು ಕೊಚ್ಚುವ ರೋಟರಿಯನ್ನು ಬಿಡಿಸಿ, ಉಳಿದ ಎರಡು ಬೆಲ್ಟುಗಳ ಮೇಲೆ ಕೆಳಗಿನ ಗೇರಿನಲ್ಲಿ ನಿಧಾನವಾಗಿ ಮನೆಗೆ ತರಬಹುದು, ಹೂಟಿ ಮುಂದುವರಿಸಬಾರದು. ಹಗ್ಗ ಕಟ್ಟಿ ಓಡಿಸಿದವರ ಸಾಹಸಕತೆಗಳನ್ನು ಕೇಳಿದ್ದೇನೆ. ಮುಚ್ಚಳ ಒಡೆದ ಕತೆಯನ್ನು ಅವರು ಕೊನೆಗೆ ಹೇಳುತ್ತಾರೆ.

ಮೈದಾನದಲ್ಲಿ ಕೂತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರದ ಬೆಲ್ಟಿಗೂ ಇದೇ ಕ್ರಮವೇ?

ಕರಾವಳಿಯ ರೆಸಾರ್ಟುಗಳವರೂ ದೊಡ್ಡ ಮೈದಾನ ಇರುವ ಸಂಸ್ಥೆಗಳವರೂ ಇದನ್ನು ಕೇಳುತ್ತಾರೆ. ಪುಲ್ಲಿ ನೋಡುವ ಕ್ರಮ, ಸ್ವಚ್ಛತೆ ಎಲ್ಲ ಇದೇ. ವ್ಯತ್ಯಾಸ ಮೂರು. ಅದರಲ್ಲಿ ಸಾಮಾನ್ಯವಾಗಿ ಎರಡು ಬೆಲ್ಟು: ಒಂದು ಚಕ್ರಗಳಿಗೆ, ಇನ್ನೊಂದು ಕೆಳಗಿನ ಕತ್ತಿಗಳಿಗೆ. ಚಕ್ರದ ಬೆಲ್ಟು ತಲುಪಲು ಅನೇಕ ಮಾದರಿಗಳಲ್ಲಿ ಕತ್ತಿಯ ತಟ್ಟೆಯನ್ನು ಮೊದಲು ಕಳಚಿ ಪಕ್ಕಕ್ಕೆ ಎಳೆಯಬೇಕು. ಎರಡನೆಯದಾಗಿ, ಅಲ್ಲಿ ಬಿಗಿಯನ್ನು ಬೋಲ್ಟಿನಿಂದ ಹೊಂದಿಸುವುದಿಲ್ಲ, ಸ್ಪ್ರಿಂಗು ಎಳೆದಿಟ್ಟ ಪುಲ್ಲಿಯೇ ಹಿಡಿದಿರುತ್ತದೆ. ಹಲವು ಮಾದರಿಗಳಲ್ಲಿ ಕ್ಲಚ್ಚು–ಬ್ರೇಕಿನ ಪೆಡಲು ಒತ್ತಿ, ಪಾರ್ಕಿಂಗ್ ಬ್ರೇಕಿನಲ್ಲಿ ಸಿಕ್ಕಿಸಿದರೆ ಚಕ್ರದ ಬೆಲ್ಟು ತಾನಾಗಿಯೇ ಸಡಿಲವಾಗುತ್ತದೆ. ಸ್ಪ್ರಿಂಗನ್ನು ಬರಿಗೈಯಲ್ಲಿ ಬಿಡಿಸಬೇಡಿ. ಮೂರನೆಯದು, ಬೆಲ್ಟು ಜಾರುತ್ತ ಹಿಡಿಯುತ್ತ ಕ್ಲಚ್ಚಿನ ಕೆಲಸವನ್ನೂ ಮಾಡುವ ಇಂತಹ ಯಂತ್ರಗಳಿಗೆ ಗಟ್ಟಿಯಾದ ಅರಾಮಿಡ್ ನೂಲಿನ ವಿಶೇಷ ಬೆಲ್ಟು ಬರುತ್ತದೆ. ಅಳತೆ ಹೊಂದಿತೆಂದು ಗಿರಣಿಯ ಸಾದಾ ಬೆಲ್ಟನ್ನು ಹಾಕಿದರೆ ಅದು ಬೇಗ ಸುಡುತ್ತದೆ. ಪೆಟ್ರೋಲ್ ಎಂಜಿನ್ನಾದ್ದರಿಂದ ಪ್ಲಗ್ಗಿನ ತಂತಿಯನ್ನು ಕಿತ್ತು ದೂರ ಕಟ್ಟಿಟ್ಟ ನಂತರವೇ ಕತ್ತಿಯ ಹತ್ತಿರ ಕೈ ಒಯ್ಯಬೇಕು. ಹಾಕಿದ ಮೇಲೆ ಬೆಲ್ಟು ಎಲ್ಲ ತಡೆಗೂಟಗಳ ಒಳಗಡೆಯೇ ಇದೆಯೇ ಎಂದು ಫೋಟೋ ಜೊತೆ ಹೋಲಿಸಿ ನೋಡಿ. ಒಂದೇ ಒಂದು ಗೂಟದ ಹೊರಗೆ ಹೋಗಿದ್ದರೂ ಮೊದಲ ತಿರುವಿನಲ್ಲಿ ಕಳಚಿಕೊಳ್ಳುತ್ತದೆ.

ತೆಗೆದ ಹಳೆಯ ಬೆಲ್ಟುಗಳನ್ನು ಏನು ಮಾಡುವುದು?

ಬಿರುಕಿಲ್ಲದೆ, ಹಿಗ್ಗಿದ ಕಾರಣಕ್ಕಷ್ಟೇ ತೆಗೆದ ಸೆಟ್ಟು ಇದ್ದರೆ ತಂತಿಯಲ್ಲಿ ಒಟ್ಟಿಗೆ ಕಟ್ಟಿ, ‘ಹಳೆಯದು’ ಎಂದು ಚೀಟಿ ಹಾಕಿ ಪಾನಾ ಪೆಟ್ಟಿಗೆಯಲ್ಲಿಡಿ. ಮಳೆಗೆ ಘಟ್ಟದಲ್ಲಿ ಧರೆ ಕುಸಿದು ಪೇಟೆಯ ದಾರಿ ನಿಂತ ದಿನ ಅದು ಬಂಗಾರ. ಬಿರುಕು ಬಿಟ್ಟವನ್ನು ತುಂಡುಮಾಡಿ ಬೇಲಿಯ ತಡಮೆಗೆ ಕೀಲಾಗಿ, ನೀರಿನ ಪೈಪು ಕಲ್ಲಿಗೆ ಉಜ್ಜುವ ಜಾಗದಲ್ಲಿ ಮೆತ್ತೆಯಾಗಿ ಬಳಸುವವರಿದ್ದಾರೆ. ಬಚ್ಚಲೊಲೆಗೆ ಮಾತ್ರ ಹಾಕಬೇಡಿ. ಮಳೆಗಾಲದ ಹಸಿಸೌದೆಗೆ ಚೆನ್ನಾಗಿ ಬೆಂಕಿ ಹಿಡಿಸುತ್ತದೆಂಬುದು ನಿಜ. ಆ ಕಪ್ಪು ಹೊಗೆ ಬಚ್ಚಲ ಮಾಡಿನ ಕೆಳಗೇ ಸುಳಿದಾಡಿ, ಹಂಡೆಯ ಮುಂದೆ ಕೂತು ಉರಿ ಹಾಕುವವರ ಎದೆಗೆ ಇಳಿಯುತ್ತದೆ.